ಗ್ರಾಹಕನ ಕೈಯಲ್ಲಿದ್ದ ಕುಂಚ: ಫ್ರಾನ್ಸಿನ ರಾಕಾಮ್ ಸಂಸ್ಥೆಯ ಪ್ರಕರಣ

ಮಿನಿಯೇಚರ್ ವಾರ್‌ಗೇಮಿಂಗ್, ಅಂದರೆ ಪುಟ್ಟ ಬೊಂಬೆಗಳ ಯುದ್ಧದಾಟ ಎಂಬ ಹವ್ಯಾಸದಲ್ಲಿ ಆಟವೆನ್ನುವುದು ಒಟ್ಟು ಕೆಲಸದ ಒಂದು ಪಾಲು ಮಾತ್ರ. ಸುಮಾರು 28 ಮಿಲಿಮೀಟರ್ ಎತ್ತರದ ಯೋಧರ ಬೊಂಬೆಗಳನ್ನು ಕೊಂಡವರು ಮೊದಲು ಅವುಗಳ ಎರಕದ ಗೆರೆಗಳನ್ನು ಅರದಿಂದ ಉಜ್ಜಬೇಕು, ಬಿಡಿಭಾಗಗಳನ್ನು ಅಂಟಿಸಬೇಕು, ತಳಬಣ್ಣ ಕೊಡಬೇಕು, ಹೆಸರುಕಾಳಿನಷ್ಟು ಮುಖದ ಮೇಲೆ ಕಣ್ಣು ಹುಬ್ಬುಗಳನ್ನು ಬರೆಯಬೇಕು. ಅದಾದ ಮೇಲೆ ಮೇಜಿನ ಮೇಲೆ ಅಳತೆಪಟ್ಟಿ ಮತ್ತು ದಾಳಗಳನ್ನು ಹಿಡಿದು ಆಡುವುದು. ಒಂದು ಬೊಂಬೆಗೆ ಹತ್ತು ಗಂಟೆ ಕೊಟ್ಟು ಬಣ್ಣ ಹಾಕುವವರಿದ್ದಾರೆ. ಆಟವನ್ನು ಒಮ್ಮೆಯೂ ಆಡದೆ ಬಣ್ಣ ಹಾಕುವುದರಲ್ಲೇ ವರ್ಷಗಳನ್ನು ಕಳೆದವರೂ ಇದ್ದಾರೆ. ಈ ಹವ್ಯಾಸದಲ್ಲಿ ದುಬಾರಿ ಬೆಲೆಯ, ಅತ್ಯುತ್ತಮ ಕೆತ್ತನೆಯ ಬೊಂಬೆಗಳನ್ನು ಮಾಡುವ ಸಣ್ಣ ಸಂಸ್ಥೆಗಳಿಗೆ ಇರುವ ಸ್ಥಾನ ಯಾವುದು, ಆ ಸ್ಥಾನ ಯಾವುದರ ಮೇಲೆ ನಿಂತಿದೆ ಎಂಬುದನ್ನು ಫ್ರಾನ್ಸಿನ ರಾಕಾಮ್ ಸಂಸ್ಥೆಯ ಏಳುಬೀಳಿನಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ತಿಳಿದಿಲ್ಲ.

ರಾಕಾಮ್ 1997ರಲ್ಲಿ ಆರಂಭವಾಯಿತು. ಅದರ ಕೇಂದ್ರದಲ್ಲಿದ್ದವರು ಸ್ವತಃ ಶಿಲ್ಪಿಯಾಗಿದ್ದ ಜಾನ್ ಬೇ. ಅದರ ಮುಖ್ಯ ಆಟದ ಹೆಸರು ಕಾನ್‌ಫ್ರಂಟೇಷನ್. ಆ ಆಟದ ಕಲ್ಪಿತ ಲೋಕದ ಹೆಸರು ಆರ್ಕ್‌ಲ್ಯಾಶ್. ತೋಳ ಮತ್ತು ಮನುಷ್ಯ ಬೆರೆತ ವುಲ್ಫೆನ್ ಎಂಬ ಜೀವಿಗಳು, ಅಲಹಾನ್ ರಾಜ್ಯದ ಸಿಂಹಧ್ವಜದ ವೀರರು, ಡಿರ್ಜ್‌ನ ರಸವಾದಿಗಳು, ಅಕೆರಾನ್‌ನ ಶವಸೈನ್ಯ, ಹೀಗೆ ಹತ್ತಕ್ಕೂ ಹೆಚ್ಚು ಪಕ್ಷಗಳು ಅದರಲ್ಲಿದ್ದವು. ಬೊಂಬೆಗಳೆಲ್ಲ ತವರ ಪ್ರಧಾನವಾದ ಬಿಳಿ ಲೋಹದ ಎರಕಗಳು. ಅದೇ ಅಳತೆಯ ಇತರ ಬೊಂಬೆಗಳು ದಪ್ಪ ಕೈಗಳು, ದೊಡ್ಡ ತಲೆ, ಎರಡೂ ಕಾಲು ಅಗಲಿಸಿ ನಿಂತ ಭಂಗಿಗೆ ಒಗ್ಗಿಹೋಗಿದ್ದ ಕಾಲದಲ್ಲಿ, ರಾಕಾಮ್‌ನ ಬೊಂಬೆಗಳು ಓಡುತ್ತಿದ್ದವು, ಬಾಗುತ್ತಿದ್ದವು, ಬೆನ್ನು ತಿರುಗಿಸಿ ಗದೆ ಎತ್ತುತ್ತಿದ್ದವು. ಪಾಲ್ ಬಾನರ್ ಅವರಂತಹ ಚಿತ್ರಕಾರರ ಕಲ್ಪನೆಯನ್ನು ಶಿಲ್ಪಿಗಳು ಲೋಹಕ್ಕೆ ಇಳಿಸಿದ ರೀತಿಯನ್ನು ಇಂದು ನೋಡಿದರೂ ಬೆರಗಾಗುತ್ತದೆ.

ಮುಂದಿನದನ್ನೆಲ್ಲ ಅರ್ಥ ಮಾಡಿಕೊಳ್ಳಲು ಬೊಂಬೆ ಹುಟ್ಟುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆ ಕಾಲದಲ್ಲಿ ಶಿಲ್ಪಿಯು ಹಳದಿ ಮತ್ತು ನೀಲಿ ಬಣ್ಣದ ಎರಡು ಎಪಾಕ್ಸಿ ಪಟ್ಟಿಗಳನ್ನು ನಾದಿ, ಅದರಿಂದ ಬರುವ ಹಸಿರು ಮಿದ್ದೆಯಲ್ಲಿ ಮೂಲ ಬೊಂಬೆಯನ್ನು ಕೈಯಿಂದಲೇ ರೂಪಿಸುತ್ತಿದ್ದ. ಅದನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಇಟ್ಟು ಶಾಖ ಮತ್ತು ಒತ್ತಡ ಕೊಟ್ಟರೆ ಅಚ್ಚು ಸಿದ್ಧವಾಗುತ್ತದೆ. ಅಚ್ಚನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತಾ ನಡುವಿನ ರಂಧ್ರಕ್ಕೆ ಕರಗಿದ ಲೋಹವನ್ನು ಹೊಯ್ದಾಗ, ತಿರುಗುವ ವೇಗಕ್ಕೆ ಲೋಹವು ಅಂಚಿನ ಕಡೆಗೆ ನುಗ್ಗಿ ಬೊಂಬೆಯ ಪ್ರತಿ ಸಂದಿಯನ್ನೂ ತುಂಬುತ್ತದೆ. ರಬ್ಬರ್ ಅಚ್ಚಿಗೆ ಖರ್ಚು ಕಡಿಮೆ. ಕೆಲವು ನೂರು ಎರಕಗಳಾದ ಮೇಲೆ ಅದು ಸವೆಯುತ್ತದೆ, ಆಗ ಇನ್ನೊಂದನ್ನು ಮಾಡಿಕೊಳ್ಳಬಹುದು. ರಬ್ಬರ್ ಬಾಗುವುದರಿಂದ, ಗಟ್ಟಿ ಅಚ್ಚಿನಿಂದ ಬಿಡಿಸಲಾಗದ ಒಳಸುಳಿಗಳನ್ನೂ ಅದರಿಂದ ಬಿಡಿಸಿಕೊಳ್ಳಬಹುದು. ನಿನ್ನೆ ಮಾರಾಟವಾದದ್ದನ್ನು ಇಂದು ಎರಕ ಹೊಯ್ಯಬಹುದು ಎಂಬುದು ಎಲ್ಲಕ್ಕಿಂತ ಮುಖ್ಯವಾದ ಅನುಕೂಲ. ಪ್ಲಾಸ್ಟಿಕ್ ಬೊಂಬೆಗಳ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಉಕ್ಕಿನ ಅಚ್ಚೊಂದಕ್ಕೇ ಸಾವಿರಾರು, ಕೆಲವೊಮ್ಮೆ ಹತ್ತಾರು ಸಾವಿರ ಡಾಲರ್ ಖರ್ಚು ಬೀಳುತ್ತದೆ. ಒಮ್ಮೆ ಅಚ್ಚಾದ ಮೇಲೆ ಒಂದೊಂದು ಬೊಂಬೆಗೆ ತಗಲುವುದು ಅತ್ಯಲ್ಪ. ಆದ್ದರಿಂದ ಲಕ್ಷಗಟ್ಟಲೆ ಮಾರಬಲ್ಲವನಿಗೆ ಪ್ಲಾಸ್ಟಿಕ್, ಸಾವಿರ ಎರಡು ಸಾವಿರ ಮಾರುವವನಿಗೆ ಲೋಹ ಎಂಬ ವಿಭಜನೆ ಈ ಉದ್ಯಮದಲ್ಲಿ ತಾನಾಗಿಯೇ ಏರ್ಪಟ್ಟಿತ್ತು.

ದೊಡ್ಡವನ ಜಾಗದಲ್ಲಿ ಆಗ ಇದ್ದದ್ದು, ಈಗಲೂ ಇರುವುದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್. 1975ರಲ್ಲಿ ಹುಟ್ಟಿ 1994ರಲ್ಲಿ ಲಂಡನ್ ಷೇರು ಮಾರುಕಟ್ಟೆ ಸೇರಿದ ಈ ಸಂಸ್ಥೆಗೆ ತನ್ನದೇ ಅಂಗಡಿಗಳ ಸರಪಳಿ, ತನ್ನದೇ ಪತ್ರಿಕೆ, ತನ್ನದೇ ಬಣ್ಣಗಳು ಇದ್ದವು. ಅದರ ಆಟಗಳಿಗೆ ಐವತ್ತು, ಎಂಬತ್ತು, ಕೆಲವೊಮ್ಮೆ ನೂರು ಬೊಂಬೆಗಳ ಸೇನೆ ಬೇಕು. ಆ ಲೆಕ್ಕವನ್ನೇ ಬದಲಿಸಿದ್ದು ರಾಕಾಮ್‌ನ ಜಾಣತನ. ಕಾನ್‌ಫ್ರಂಟೇಷನ್ ಆಟವನ್ನು ಒಂದು ಪಕ್ಷಕ್ಕೆ ಹತ್ತು ಬೊಂಬೆಗಳ ಆಸುಪಾಸಿನಲ್ಲಿ ಆಡಬಹುದಿತ್ತು. ಒಂದೊಂದು ಬೊಂಬೆಗೆ ಎರಡು ಪಟ್ಟು ಬೆಲೆ ಕೊಟ್ಟರೂ ಇಡೀ ಪಡೆಗೆ ಆಗುವ ಖರ್ಚು ದೊಡ್ಡ ಸೇನೆಯ ಖರ್ಚಿಗಿಂತ ಎಷ್ಟೋ ಕಡಿಮೆ. ಬೊಂಬೆಯ ಪ್ಯಾಕ್ ಒಳಗೆಯೇ ಆ ಯೋಧನ ಗುಣಗಳನ್ನು ಬರೆದ ಚೀಟಿ ಇರುತ್ತಿತ್ತು. ಆರಂಭದ ವರ್ಷಗಳಲ್ಲಿ ಅಂಗೈಗಿಂತ ಚಿಕ್ಕದಾದ ನಿಯಮಗಳ ಕಿರುಪುಸ್ತಕವೂ ಅದರಲ್ಲೇ ಸಿಗುತ್ತಿತ್ತು. ದಪ್ಪ ನಿಯಮಪುಸ್ತಕಕ್ಕೆ ಹಣ ಕೊಡದೆ, ಚೆಂದ ಕಂಡ ಒಂದು ಬೊಂಬೆಯನ್ನು ಕೊಂಡವರು ಅರಿವಿಲ್ಲದೆಯೇ ಆಟದ ಒಳಗೆ ಬಂದಿರುತ್ತಿದ್ದರು. ಬೊಂಬೆಗೆ ಹೆಚ್ಚು, ಆಟಕ್ಕೆ ಕಡಿಮೆ ಎಂಬ ಈ ಬೆಲೆಯ ಏರ್ಪಾಡೇ ಸಣ್ಣ ದುಬಾರಿ ತಯಾರಕನಿಗೆ ಸಲ್ಲುವ ಮೊದಲ ನೆಲೆ ಎಂದು ನಾನು ಭಾವಿಸುತ್ತೇನೆ.

ಎರಡನೆಯ ನೆಲೆ ಬೊಂಬೆಗಳಿಗೆ ಬಣ್ಣ ಹಾಕುವ ಚಿತ್ರಕಾರರದು. ಪ್ಯಾಕ್‌ನ ಹಿಂದೆ, ಚೀಟಿಗಳ ಮೇಲೆ, ಆಮೇಲೆ ಕ್ರೈ ಹ್ಯಾವಕ್ ಎಂಬ ತನ್ನದೇ ಪತ್ರಿಕೆಯಲ್ಲಿ ರಾಕಾಮ್ ಅಚ್ಚು ಹಾಕುತ್ತಿದ್ದ, ಬಣ್ಣ ಹಾಕಿದ ಬೊಂಬೆಗಳ ಛಾಯಾಚಿತ್ರಗಳು ಇಡೀ ಯುರೋಪಿನ ಕಣ್ಣನ್ನು ತಿದ್ದಿದವು ಎಂದರೆ ಅತಿಶಯವಲ್ಲ. ಕತ್ತಿಗೆ ಬೆಳ್ಳಿಪುಡಿಯ ಬಣ್ಣ ಬಳಿಯದೆ, ಬರಿಯ ಬೂದು, ನೀಲಿ, ಬಿಳಿ ಬಣ್ಣಗಳಿಂದ ಉಕ್ಕಿನ ಹೊಳಪನ್ನು ಭ್ರಮೆಯಾಗಿ ಬರೆಯುವ, ಕಂದು ಮತ್ತು ಹಳದಿಯಿಂದ ಚಿನ್ನವನ್ನು ಕಾಣಿಸುವ ವಿಧಾನ ಜನಪ್ರಿಯವಾದದ್ದರಲ್ಲಿ ಫ್ರೆಂಚ್ ಚಿತ್ರಕಾರರ, ವಿಶೇಷವಾಗಿ ರಾಕಾಮ್‌ನ ಸ್ಟುಡಿಯೋದಲ್ಲಿ ದುಡಿದವರ, ಪಾಲು ದೊಡ್ಡದು. ಒಂದು ಬಣ್ಣದಿಂದ ಇನ್ನೊಂದಕ್ಕೆ ಗೆರೆ ಕಾಣದಂತೆ ಹರಿಯುವ ಆ ನಯವನ್ನು ಅನುಕರಿಸಲು ಸಾವಿರಾರು ಜನ ರಾತ್ರಿ ದೀಪದ ಕೆಳಗೆ ಕೂತರು. ಆಟ ಆಡುವವರು ಒಂದು ಪಕ್ಷವನ್ನು ಆರಿಸಿಕೊಂಡು ಅದರ ಬೊಂಬೆಗಳನ್ನು ಮಾತ್ರ ಕೊಳ್ಳುತ್ತಾರೆ. ಬಣ್ಣ ಹಾಕುವವರು ಎಲ್ಲ ಪಕ್ಷಗಳಿಂದಲೂ ಕೊಳ್ಳುತ್ತಾರೆ. ಈ ವ್ಯತ್ಯಾಸವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

2006ರಲ್ಲಿ ರಾಕಾಮ್ ಎಟಿ-43 ಎಂಬ ವೈಜ್ಞಾನಿಕ ಕಲ್ಪನೆಯ ಆಟವನ್ನು ಹೊರತಂದಿತು. ಅದರ ಸೈನಿಕರು ಮತ್ತು ನಡೆಯುವ ಯುದ್ಧಯಂತ್ರಗಳು ಪ್ಲಾಸ್ಟಿಕ್‌ನವು. ಚೀನಾದಲ್ಲಿ ತಯಾರಾಗಿ, ಬಣ್ಣವನ್ನೂ ಅಲ್ಲೇ ಹಾಕಿಸಿಕೊಂಡು, ಪೆಟ್ಟಿಗೆಯಿಂದ ತೆಗೆದ ಕೂಡಲೇ ಆಡಲು ಸಿದ್ಧವಾಗಿ ಬರುತ್ತಿದ್ದವು. ಮರುವರ್ಷ, 2007ರಲ್ಲಿ, ಕಾನ್‌ಫ್ರಂಟೇಷನ್ ಆಟವನ್ನೇ ಅದೇ ದಾರಿಗೆ ತಿರುಗಿಸಲಾಯಿತು. ಹೊಸ ಆವೃತ್ತಿಯಲ್ಲಿ ಬೊಂಬೆಗಳು ಮೊದಲೇ ಬಣ್ಣ ಬಳಿದ ಪ್ಲಾಸ್ಟಿಕ್. ಆಟ ಬಿಡಿಯೋಧರ ಕಾಳಗದಿಂದ ತುಕಡಿಗಳ ಯುದ್ಧಕ್ಕೆ ಬದಲಾಯಿತು. ಲೋಹದ ಸಾಲು ಹಿಂದಕ್ಕೆ ಸರಿಯಿತು. 2008ರಲ್ಲಿ ಸಂಸ್ಥೆ ನ್ಯಾಯಾಲಯದ ಮೇಲ್ವಿಚಾರಣೆಯ ಪುನರ್ವ್ಯವಸ್ಥೆಗೆ ಒಳಗಾಯಿತು. 2010ರ ಕೊನೆಗೆ ಮುಚ್ಚಿಹೋಯಿತು.

ಈ ನಿರ್ಧಾರವನ್ನು ಮೂರ್ಖತನವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. 2000ದಲ್ಲಿ ಅಮೆರಿಕದ ವಿಜ್‌ಕಿಡ್ಸ್ ಸಂಸ್ಥೆ ಮೇಜ್ ನೈಟ್ ಎಂಬ ಆಟದ ಮೂಲಕ ಬಣ್ಣ ಬಳಿದ ಪ್ಲಾಸ್ಟಿಕ್ ಬೊಂಬೆಗಳನ್ನು ತಂದು ದೊಡ್ಡ ಯಶಸ್ಸು ಕಂಡಿತ್ತು. 2002ರಲ್ಲಿ ಅದೇ ಸಂಸ್ಥೆಯ ಅದೇ ಬಗೆಯ ಆಟ ಹೀರೋಕ್ಲಿಕ್ಸ್ ಬಂತು. 2003ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದ ಬೊಂಬೆಗಳು ಅದೇ ರೂಪದಲ್ಲಿ ಬಂದವು. ಇನ್ನೊಂದು ಕಡೆ 2006ರಿಂದ 2008ರ ನಡುವೆ ತವರದ ಬೆಲೆ ಎರಡು ಪಟ್ಟಿಗೂ ಮೀರಿ ಏರಿತು. ಎರಕ ಹೊಯ್ಯುವ ಪ್ರತಿಯೊಬ್ಬ ಸಣ್ಣ ತಯಾರಕನಿಗೂ ಇದು ನೇರವಾದ ಹೊಡೆತ. ಗೇಮ್ಸ್ ವರ್ಕ್‌ಶಾಪ್‌ನಂತಹ ದೊಡ್ಡ ಸಂಸ್ಥೆಯೇ 2007ರಲ್ಲಿ ನಷ್ಟ ತೋರಿಸಿದ ಕಾಲವದು. ಹವ್ಯಾಸದೊಳಗಿನ ಹಳೆಯ ದೂರೊಂದು ಬೇರೆ ಇತ್ತು: ಬಣ್ಣ ಕಾಣದೆ ಕಪಾಟಿನಲ್ಲಿ ಬಿದ್ದಿರುವ ಬೊಂಬೆಗಳ ರಾಶಿ ಪ್ರತಿ ಮನೆಯಲ್ಲೂ ಬೆಳೆಯುತ್ತದೆ, ಹೊಸಬರು ಆ ಕೆಲಸಕ್ಕೆ ಹೆದರಿ ಹೊರಗೇ ಉಳಿಯುತ್ತಾರೆ. ಬಣ್ಣದ ಕೆಲಸವನ್ನು ತೆಗೆದುಹಾಕಿದರೆ ಬಾಗಿಲು ತೆರೆಯುತ್ತದೆ ಎಂಬ ಯೋಚನೆಯಲ್ಲಿ ತರ್ಕವಿದೆ.

ಆ ತರ್ಕ ಎಟಿ-43ರ ಮಟ್ಟಿಗೆ ಒಪ್ಪುವಂಥದ್ದೇ ಆಗಿತ್ತು ಎಂದು ನಾನು ಹೇಳುತ್ತೇನೆ. ಅದು ಹೊಸ ಆಟ, ಹೊಸ ಲೋಕ, ಹೊಸ ಗ್ರಾಹಕ. ಯಂತ್ರಗಳ ಸಪಾಟಾದ ಮೈ ಕಾರ್ಖಾನೆಯ ಬಣ್ಣವನ್ನು ಸಹಿಸಿಕೊಳ್ಳುತ್ತದೆ. ಒಂದೇ ಸಮವಸ್ತ್ರದ ಸೈನಿಕರು ಒಂದೇ ರೀತಿ ಕಂಡರೆ ಯಾರಿಗೂ ಬೇಸರವಿಲ್ಲ. ಆ ಆಟವನ್ನು ಇಂದಿಗೂ ಪ್ರೀತಿಯಿಂದ ನೆನೆಯುವವರಿದ್ದಾರೆ. ತಪ್ಪಾದದ್ದು ಮರುವರ್ಷದ ಹೆಜ್ಜೆಯಲ್ಲಿ. ಕಾನ್‌ಫ್ರಂಟೇಷನ್‌ಗೆ ಬಣ್ಣ ಬಳಿದಾಗ ಸಂಸ್ಥೆಯು ಹತ್ತು ವರ್ಷ ಕಟ್ಟಿದ್ದ ಎರಡೂ ನೆಲೆಗಳಿಂದ ಒಂದೇ ಬಾರಿಗೆ ಕೆಳಗಿಳಿಯಿತು.

ಮೊದಲು ಲೆಕ್ಕದ ನೆಲೆ ಹೋಯಿತು. ತುಕಡಿಗಳ ಆಟಕ್ಕೆ ಬೊಂಬೆಗಳ ಸಂಖ್ಯೆ ಹೆಚ್ಚಬೇಕು. ಬೊಂಬೆಗೆ ಹೆಚ್ಚು, ಆಟಕ್ಕೆ ಕಡಿಮೆ ಎಂಬ ಸಮೀಕರಣ ತಲೆಕೆಳಗಾಗಿ, ರಾಕಾಮ್ ತಾನು ಎಂದೂ ಗೆಲ್ಲಲಾಗದ ಅಂಗಳಕ್ಕೆ, ಅಂದರೆ ಸೇನೆಗಳನ್ನು ಮಾರುವ ದೊಡ್ಡ ಸಂಸ್ಥೆಯ ಅಂಗಳಕ್ಕೆ, ತಾನಾಗಿಯೇ ನಡೆದುಹೋಯಿತು. ಬಂಡವಾಳದ ಸ್ವರೂಪವೂ ಬದಲಾಯಿತು. ಉಕ್ಕಿನ ಅಚ್ಚುಗಳಿಗೆ, ಕಾರ್ಖಾನೆ ಹೇಳುವ ಕನಿಷ್ಠ ಪ್ರಮಾಣಕ್ಕೆ, ಸಮುದ್ರದ ಮೇಲಿನ ವಾರಗಟ್ಟಲೆ ಸಾಗಣೆಗೆ, ಗೋದಾಮಿಗೆ, ಒಂದು ಪೆಟ್ಟಿಗೆಯೂ ಮಾರಾಟವಾಗುವ ಮೊದಲೇ ಹಣ ಸುರಿಯಬೇಕು. ಯಾವ ತುಕಡಿ ಎಷ್ಟು ಮಾರಾಟವಾದೀತು ಎಂಬ ಊಹೆ ತಪ್ಪಿದರೆ ಲೋಹದ ಕಾಲದಲ್ಲಿ ಎರಕ ನಿಲ್ಲಿಸಿದ್ದರೆ ಸಾಕಿತ್ತು, ಉಳಿದ ಬೊಂಬೆಯನ್ನು ಕರಗಿಸಿ ಮತ್ತೆ ಹೊಯ್ಯಲೂ ಬಹುದಿತ್ತು. ಬಣ್ಣ ಬಳಿದ ಪ್ಲಾಸ್ಟಿಕ್‌ನ ರಾಶಿ ಹಾಗಲ್ಲ, ಅದು ಬಾಡಿಗೆ ತಿನ್ನುತ್ತಾ ಕೂರುತ್ತದೆ. 2008ರ ಆರ್ಥಿಕ ಕುಸಿತದಲ್ಲಿ ಅಂಗಡಿಗಳು ಕೈಬಿಗಿ ಹಿಡಿದಾಗ ಈ ಭಾರ ತಾಳುವ ಶಕ್ತಿ ಇಷ್ಟು ಸಣ್ಣ ಸಂಸ್ಥೆಗೆ ಇರಲಿಲ್ಲ. ಹಳೆಯ ಪಕ್ಷಗಳಲ್ಲಿ ಹಲವಕ್ಕೆ ಹೊಸ ರೂಪ ಬರಲೇ ಇಲ್ಲ. ಅವುಗಳನ್ನು ಸಾಕಿಕೊಂಡು ಬಂದ ಆಟಗಾರರಿಗೆ ಹೊಸ ಆವೃತ್ತಿಯಲ್ಲಿ ಕೊಳ್ಳಲು ಏನೂ ಇರಲಿಲ್ಲ.

ಎರಡನೆಯ ನೆಲೆಯನ್ನು ಕಳೆದುಕೊಂಡದ್ದು ಇದಕ್ಕಿಂತ ದೊಡ್ಡ ನಷ್ಟ. ಕಾರ್ಖಾನೆಯಲ್ಲಿ ಕೆಲಸಗಾರರು ಒಂದು ಬೊಂಬೆಗೆ ಕೊಡಬಹುದಾದ ಸಮಯ ಬಹಳ ಕಡಿಮೆ. ಅಷ್ಟರಲ್ಲಿ ನಾಲ್ಕೈದು ಬಣ್ಣ ಬಳಿದು, ಮೇಲೊಂದು ತೆಳು ಕಂದು ನೀರು ಬಿಟ್ಟು ಮುಗಿಸಬೇಕು. ಆ ಕೆಲಸವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆ ಬೆಲೆಗೆ, ಆ ವೇಗಕ್ಕೆ ಅದು ಅಚ್ಚುಕಟ್ಟಾದ ಕೆಲಸವೇ. ಆದರೆ ಆ ಬೊಂಬೆಯನ್ನು ಕೈಗೆತ್ತಿಕೊಂಡ ಗ್ರಾಹಕ ಯಾರು? ಹತ್ತು ವರ್ಷ ಕಾಲ ರಾಕಾಮ್‌ನದೇ ಪ್ಯಾಕ್, ಚೀಟಿ, ಪತ್ರಿಕೆಗಳಲ್ಲಿ ಜಗತ್ತಿನ ಅತ್ಯುತ್ತಮ ಬಣ್ಣಗಾರಿಕೆಯನ್ನು ನೋಡಿ ನೋಡಿ ಕಣ್ಣು ಪಳಗಿಸಿಕೊಂಡವನು. ಮೆತ್ತನೆಯ ಪ್ಲಾಸ್ಟಿಕ್‌ನಲ್ಲಿ ಕೆತ್ತನೆಯ ಅಂಚು ಮೊಂಡಾಗಿರುವುದನ್ನು, ದಪ್ಪ ಬಣ್ಣದಡಿ ಕಣ್ಣುಗಳು ಮುಚ್ಚಿಹೋಗಿರುವುದನ್ನು ಅವನು ಮೊದಲ ನೋಟಕ್ಕೇ ಕಂಡುಹಿಡಿದ. ಯಾವ ಸಂಸ್ಥೆ ಅವನಿಗೆ ನೋಡಲು ಕಲಿಸಿತ್ತೋ ಅದೇ ಸಂಸ್ಥೆಯ ಸರಕನ್ನು ಅವನ ಕಣ್ಣು ಒಪ್ಪಲಿಲ್ಲ. ಆಡದೆ ಬಣ್ಣ ಮಾತ್ರ ಹಾಕುತ್ತಿದ್ದವರಿಗಂತೂ ಈ ಪೆಟ್ಟಿಗೆಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

ದುಬಾರಿ ಬೊಂಬೆಯನ್ನು ಕೊಳ್ಳುವವರು ಲೋಹಕ್ಕೆ ಹಣ ಕೊಡುವುದಿಲ್ಲ. ಮುಗಿದ ವಸ್ತುವಿಗೂ ಕೊಡುವುದಿಲ್ಲ. ತಮ್ಮ ಮುಂದಿನ ಇಪ್ಪತ್ತು ಗಂಟೆಗಳ ಕೆಲಸಕ್ಕೆ ಯೋಗ್ಯವಾದ ಮೈಯೊಂದಕ್ಕೆ ಕೊಡುತ್ತಾರೆ. ಒಳ್ಳೆಯ ಕೆತ್ತನೆಯಲ್ಲಿ ಬಟ್ಟೆಯ ಮಡಿಕೆ ಎಲ್ಲಿ ನೆರಳು ಬೀಳಬೇಕೆಂದು ತಾನೇ ಹೇಳುತ್ತದೆ, ಕೆನ್ನೆಯ ಮೂಳೆ ಎಲ್ಲಿ ಬೆಳಕು ಹಿಡಿಯಬೇಕೆಂದು ತೋರಿಸುತ್ತದೆ. ಕುಂಚ ಹಿಡಿದವರಿಗೆ ಇದು ಗೊತ್ತು, ಇದಕ್ಕಾಗಿಯೇ ಅವರು ಹೆಚ್ಚು ಹಣ ಕೊಡುತ್ತಾರೆ. ಅಂದರೆ ತಯಾರಕ ಮಾರುವುದು ಅರ್ಧ ವಸ್ತುವನ್ನು; ಉಳಿದರ್ಧವನ್ನು ಕೊಂಡವರೇ ತಮ್ಮ ಕೈಯಿಂದ ಮಾಡುತ್ತಾರೆ, ಆ ಅರ್ಧದ ಮೇಲೆಯೇ ಅವರ ಪ್ರೀತಿ. ಬಣ್ಣ ಬಳಿದು ಕೊಟ್ಟಾಗ ಶ್ರಮ ಉಳಿಯಿತು ನಿಜ, ಆದರೆ ಕೊಂಡವರ ಪಾಲೂ ಹೋಯಿತು.

ಪ್ಲಾಸ್ಟಿಕ್‌ಗೆ ಹೋದದ್ದೇ ತಪ್ಪು ಎಂದು ಆಗ ಹಲವರು ಹೇಳಿದರು. ನಂತರದ ಎರಡು ಉದಾಹರಣೆಗಳನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಅಮೆರಿಕದ ಕಿಂಗ್‌ಡಮ್ ಡೆತ್ ಸಂಸ್ಥೆ ಮೊದಲು ರೆಸಿನ್, ಅಂದರೆ ಗಟ್ಟಿಗೊಳ್ಳುವ ಕೃತಕ ರಾಳದ ಬೊಂಬೆಗಳನ್ನು ಸಣ್ಣ ಸಂಖ್ಯೆಯಲ್ಲಿ ಮಾರುತ್ತಿತ್ತು. ಅದು ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಮುಂಗಡ ಹಣ ಕೇಳಿದಾಗ 2013ರ ಜನವರಿಗೆ 20 ಲಕ್ಷ ಡಾಲರ್ ದಾಟಿತು. 2017ರ ಜನವರಿಗೆ ಮುಗಿದ ಎರಡನೆಯ ಸುತ್ತಿನಲ್ಲಿ 1 ಕೋಟಿ 23 ಲಕ್ಷ ಡಾಲರ್‌ಗೂ ಹೆಚ್ಚು ಬಂತು, ಕೊಟ್ಟವರ ಸಂಖ್ಯೆ 20 ಸಾವಿರವನ್ನೂ ಮುಟ್ಟಿರಲಿಲ್ಲ. ಅದರ ಬೊಂಬೆಗಳು ಗಟ್ಟಿ ಪ್ಲಾಸ್ಟಿಕ್‌ನವು, ಉಕ್ಕಿನ ಅಚ್ಚಿನವು. ಆದರೆ ಬಿಡಿಭಾಗಗಳಾಗಿ, ಬಣ್ಣವಿಲ್ಲದೆ, ಕತ್ತರಿಸಿ ಅಂಟಿಸಿಕೊಳ್ಳುವ ಚೌಕಟ್ಟುಗಳಲ್ಲಿ ಬಂದವು. ಅಚ್ಚಿನ ಖರ್ಚನ್ನು ಗ್ರಾಹಕರೇ ಮುಂಚೆ ಕೊಟ್ಟಿದ್ದರಿಂದ ಗೋದಾಮಿನ ಭಯ ಇರಲಿಲ್ಲ. ಕುಂಚ ಅವರ ಕೈಯಲ್ಲೇ ಉಳಿದಿದ್ದರಿಂದ ನೂರಾರು ಡಾಲರ್ ಬೆಲೆಯನ್ನೂ ಅವರು ಒಪ್ಪಿಕೊಂಡರು.

ಇನ್ನೊಂದು ಸ್ಪೇನ್ ದೇಶದ ಗಲೀಸಿಯಾದ ಕೊರ್ವುಸ್ ಬೆಲ್ಲಿ. ರಾಕಾಮ್ ತಿರುವು ತೆಗೆದುಕೊಂಡ ಕಾಲದಲ್ಲೇ, 2005ರ ಹೊತ್ತಿಗೆ, ಅದು ಇನ್ಫಿನಿಟಿ ಎಂಬ ಆಟವನ್ನು ಆರಂಭಿಸಿತ್ತು. ಲೋಹದ ಬೊಂಬೆಗಳು, ಪಕ್ಷಕ್ಕೆ ಹತ್ತು ಹದಿನೈದು, ನಯವಾದ ಸಪೂರ ಕೆತ್ತನೆ. ನಿಯಮಗಳನ್ನು ಹಣ ಪಡೆಯದೆ ಇಂಟರ್‌ನೆಟ್‌ನಲ್ಲಿ ಇಳಿಸಿಕೊಳ್ಳಲು ಕೊಟ್ಟಿತು; ಪ್ಯಾಕ್ ಒಳಗಿನ ರಾಕಾಮ್‌ನ ಕಿರುಪುಸ್ತಕ ಮಾಡಿದ್ದ ಕೆಲಸವನ್ನೇ ಇದೂ ಮಾಡಿತು. ತವರದ ಬೆಲೆ ಏರಿದ್ದು ಈ ಸಂಸ್ಥೆಗೂ ತಟ್ಟಿದೆ, 2008ರ ಕುಸಿತವೂ ತಟ್ಟಿದೆ. ರಾಕಾಮ್ ಬಿಟ್ಟುಹೋದ ಜಾಗದಲ್ಲಿ ನಿಂತು ಅದು ಉಳಿದುಕೊಂಡಿತು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಬಣ್ಣ ಬಳಿದ ಬೊಂಬೆಗಳು ಎಲ್ಲೂ ನಡೆಯುವುದಿಲ್ಲ ಎಂಬ ಅರ್ಥವೂ ಇದರಿಂದ ಹೊರಡುವುದಿಲ್ಲ. 2012ರಲ್ಲಿ ಬಂದ ಎಕ್ಸ್-ವಿಂಗ್ ಎಂಬ ಆಟ ಬಣ್ಣ ಬಳಿದ ಪುಟ್ಟ ಬಾಹ್ಯಾಕಾಶ ನೌಕೆಗಳಿಂದಲೇ ಬಹುಕಾಲ ಅಂಗಡಿಗಳನ್ನು ಆಳಿತು. ಆದರೆ ಅಲ್ಲಿ ಗ್ರಾಹಕರು ಬಂದದ್ದು ಸ್ಟಾರ್ ವಾರ್ಸ್ ಸಿನಿಮಾದ ಬಾಗಿಲಿನಿಂದ, ಕುಂಚದ ಬಾಗಿಲಿನಿಂದಲ್ಲ. ಹಾಗೆ ನೋಡಿದರೆ ರಾಕಾಮ್ ಹಿಂಬಾಲಿಸಿದ ಅಲೆಯೇ ಆಗ ಇಳಿಮುಖವಾಗಿತ್ತು: ಆ ಅಲೆಯನ್ನು ಎಬ್ಬಿಸಿದ ವಿಜ್‌ಕಿಡ್ಸ್ ಅನ್ನು ಅದರ ಮಾಲೀಕ ಸಂಸ್ಥೆ ಟಾಪ್ಸ್ 2008ರ ನವೆಂಬರ್‌ನಲ್ಲಿ ಮುಚ್ಚಿತು, ಮರುವರ್ಷ ಬೇರೆಯವರು ಕೊಂಡ ಮೇಲೆಯೇ ಅದಕ್ಕೆ ಮತ್ತೆ ಜೀವ ಬಂದದ್ದು.

ರಾಕಾಮ್ ಮುಚ್ಚಿದ ಮೇಲೆ ಕಾನ್‌ಫ್ರಂಟೇಷನ್ ಅನ್ನು ಎಬ್ಬಿಸುವ ಪ್ರಯತ್ನಗಳು ನಡೆದವು. 2018ರಲ್ಲಿ ಸಾನ್-ದೆತೂರ್ ಎಂಬ ಫ್ರೆಂಚ್ ಪ್ರಕಾಶನ ಸಂಸ್ಥೆ ಹಳೆಯ ಲೋಹದ ಆಟವನ್ನೇ ಮರಳಿ ತರುವುದಾಗಿ ಜನರಿಂದ ಹಣ ಸಂಗ್ರಹಿಸಿತು. ಆಟ ಅವರ ಕೈ ಸೇರುವ ಮೊದಲೇ ಆ ಸಂಸ್ಥೆಯೂ ಮುಚ್ಚಿಹೋಯಿತು. ಹಣ ಕೊಟ್ಟವರ ನೋವು ದೊಡ್ಡದು. ಎಂಟು ವರ್ಷ ಕಳೆದರೂ ಲೋಹದ ಆ ಬೊಂಬೆಗಳಿಗಾಗಿ ಮುಂಗಡ ಕೊಡಲು ಜನ ಸಿದ್ಧರಿದ್ದರು ಎಂಬುದನ್ನೂ ಅದರ ಜೊತೆಗೆ ದಾಖಲಿಸಬೇಕು.

ಈಗ ಎರಕದ ಯಂತ್ರವೂ ಬೇಡವಾಗುತ್ತಿದೆ. ಶಿಲ್ಪಿ ಕಂಪ್ಯೂಟರ್‌ನಲ್ಲಿ ರೂಪಿಸಿದ ಬೊಂಬೆಯ ಕಡತವನ್ನು ತಿಂಗಳ ಚಂದಾದಾರರಿಗೆ ಕಳಿಸುತ್ತಾರೆ. ಅವರು ಮನೆಯ ರೆಸಿನ್ 3ಡಿ ಮುದ್ರಣಯಂತ್ರದಲ್ಲಿ ಅದನ್ನು ಮುದ್ರಿಸಿಕೊಳ್ಳುತ್ತಾರೆ. ಒಬ್ಬಿಬ್ಬರೇ ನಡೆಸುವ ಇಂತಹ ಸಂಸ್ಥೆಗಳಿಗೆ ಅಚ್ಚು, ಗೋದಾಮು, ಸಾಗಣೆ ಯಾವುದೂ ಇಲ್ಲ. ಮುದ್ರಣಯಂತ್ರದಿಂದ ತೆಗೆದು, ಆಲ್ಕೋಹಾಲ್‌ನಲ್ಲಿ ತೊಳೆದು, ಬೆಳಕಿಗೆ ಹಿಡಿದು ಗಟ್ಟಿ ಮಾಡಿದ ಆ ಬೊಂಬೆ ಬಣ್ಣವಿಲ್ಲದ ಬೂದು ಮೈಯಲ್ಲಿ ಮೇಜಿನ ಮೇಲೆ ನಿಲ್ಲುತ್ತದೆ. ಅದರ ಪಕ್ಕದಲ್ಲಿ, ಎಷ್ಟೋ ಮನೆಗಳಲ್ಲಿ, ಇಪ್ಪತ್ತು ವರ್ಷ ಹಳೆಯ ಲೋಹದ ವುಲ್ಫೆನ್ ಒಂದು ಹಳೆಯ ಬಣ್ಣವನ್ನು ಕಳಚಿಸಿಕೊಂಡು, ಹೊಸ ತಳಬಣ್ಣಕ್ಕೆ ಕಾಯುತ್ತಾ ನಿಂತಿರುತ್ತದೆ.